ಡೆಕ್ಕಿನ ಮೇಲೆ ಅವ್ವನ ಕೋಣೆ

ಭಾನುವಾರ ಬೆಳಿಗ್ಗೆ ಪಟಾನ್‌ಚೆರುವಿನಲ್ಲಿ ಸಿಕಂದರಾಬಾದಿನ ಬಸ್ಸು ಹತ್ತುವಾಗ ನನ್ನ ಕಂಕುಳಲ್ಲಿ ಉದ್ದನೆಯ ಕಾಗದದ ಸುರುಳಿಯೊಂದು ಇರುತ್ತಿತ್ತು. ಸೀಟು ಸಿಕ್ಕರೆ ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಳ್ಳುತ್ತಿದ್ದೆ. ಸಿಗದಿದ್ದರೆ ಕೂಸನ್ನು ಎತ್ತಿಕೊಂಡಂತೆ ಎದೆಗೆ ಅವುಚಿಕೊಂಡು ನಿಲ್ಲುತ್ತಿದ್ದೆ. ಮುಖಪರಿಚಯದ ಕಂಡಕ್ಟರನೊಬ್ಬ ಒಮ್ಮೆ, "ಇಂಟಿ ಪ್ಲಾನಾ, ಪೆದ್ದಾಯನಾ?" ಎಂದು ತೆಲುಗಿನಲ್ಲಿ ಕೇಳಿದ. ಮನೆಯ ನಕ್ಷೆಯೇ ಎಂದು. ಹೌದೆಂದೆ. ಆಮೇಲೆ ಕಂಡಾಗಲೆಲ್ಲ "ಸ್ಲ್ಯಾಬ್ ಅಯಿಂದಾ?" ಎನ್ನುತ್ತಿದ್ದ. "ಇಂಕಾ ಲೇದು," ಇನ್ನೂ ಆಗಿಲ್ಲ ಎಂದು ನಾನು. ಎಷ್ಟೋ ವರ್ಷ ಹೀಗೇ ನಡೆಯಿತು. ಸ್ಲ್ಯಾಬು ಬೀಳದ ಮನೆಯ ಯಜಮಾನನೆಂದು ಅವನು ನನ್ನ ಮೇಲೆ ಮರುಕಪಡುತ್ತಿದ್ದ. ಆ ಸುರುಳಿಯಲ್ಲಿರುವುದು ಯುದ್ಧದ ಹಡಗು ಎಂದು ಬಸ್ಸಿನ ತುಂಬ ಜನರ ನಡುವೆ ಹೇಳಲು ನನಗೆ ನಾಚಿಕೆಯಾಗುತ್ತಿತ್ತು.

ಹಡಗು ನಮ್ಮ ಅಣ್ಣನದು ಮತ್ತು ನನ್ನದು. ಅದು ಎಲ್ಲಿಯೂ ಇರಲಿಲ್ಲ. ಅದು ಸೇರಬೇಕಿದ್ದ ನೌಕಾಪಡೆಯೂ ಇರಲಿಲ್ಲ. ಆದರೂ ಆ ಹಡಗಿನ ವಿಷಯದಲ್ಲಿ ನಾನು ಅಣ್ಣನಿಗೆ ಮಾಡಿದ್ದು ನಿಜವಾಗಿ ನಡೆದದ್ದು. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾವು ಬೀದರ ಕಡೆಯವರು. ನಮ್ಮ ಸುತ್ತ ನೂರಾರು ಮೈಲಿ ಎತ್ತ ಹೋದರೂ ನೆಲವೇ. ಅಣ್ಣನಿಗೆ ಮಾತ್ರ ಚಿಕ್ಕಂದಿನಿಂದ ಹಡಗಿನ ಹುಚ್ಚು. ಹರೆಯದಲ್ಲಿ ನೌಕಾಪಡೆಗೆ ಸೇರಲು ಹೋದ. ಕಣ್ಣಿನ ಪರೀಕ್ಷೆಯಲ್ಲಿ ಕೆಂಪು, ಹಸಿರು ಅವನಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ ಎಂದು ತಿಳಿದು ವಾಪಸು ಕಳಿಸಿದರು. ಅಲ್ಲಿಯವರೆಗೆ ಅದು ಅವನಿಗೂ ಗೊತ್ತಿರಲಿಲ್ಲ. ಕೊನೆಗೆ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಟಿಕೆಟ್ಟು ಕೊಡುವ ಗುಮಾಸ್ತನಾದ. ನಾನು ಮೆಟ್ರಿಕ್ ಮುಗಿಸಿ ಅವನ ಹಿಂದೆಯೇ ಈ ಊರಿಗೆ ಬಂದೆ. ಪಟಾನ್‌ಚೆರುವಿನ ಔಷಧ ಕಾರ್ಖಾನೆಗಳಿಗೆ ಉಕ್ಕಿನ ಟ್ಯಾಂಕು ಮಾಡಿಕೊಡುವ ಕಡೆ ನಕ್ಷೆಗಳ ನಕಲು ತೆಗೆಯುವ ಟ್ರೇಸಿಂಗ್ ಕೆಲಸಕ್ಕೆ ಸೇರಿ, ಕೈ ಪಳಗಿ, ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತನಾದೆ.

ಆ ನೌಕಾಪಡೆಯ ದೇಶವನ್ನು ಕಲ್ಪನೆಯಲ್ಲಿ ಹುಟ್ಟಿಸಿದವನು ಅಣ್ಣ. ಕಳೆದ ಶತಮಾನದ ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ, ನಮ್ಮ ಹೈದರಾಬಾದ್ ಸಂಸ್ಥಾನಕ್ಕೆ ಮಚಲೀಪಟ್ಟಣದ ಬಂದರು ಮತ್ತು ಅಲ್ಲಿಗೆ ಹೋಗುವಷ್ಟು ನೆಲ ಸಿಕ್ಕಿದ್ದರೆ? ಅಲ್ಲಿಂದ ಶುರು. ಬಂದರು ಬಂದ ಮೇಲೆ ಅದನ್ನು ಕಾಯಲು ಹಡಗು ಬೇಕು, ಹಡಗಿಗೆ ಜನ ಬೇಕು. ಟಿಕೆಟ್ಟಿನ ಕಿಟಕಿಯ ಹಿಂದೆ ಕೂತೇ ಅವನು ಆ ದೇಶಕ್ಕೆ ಮಂತ್ರಿಗಳನ್ನು ನೇಮಿಸಿದ, ಅವರಲ್ಲಿ ಜಗಳ ಹಚ್ಚಿದ, ದೊಡ್ಡ ಯುದ್ಧನೌಕೆ ಕೊಳ್ಳುವ ತಾಕತ್ತು ನಮಗಿಲ್ಲವೆಂದು ದರ್ಬಾರಿನಲ್ಲಿ ತೀರ್ಮಾನ ಮಾಡಿಸಿದ. ಆದ್ದರಿಂದ ನಮ್ಮದು ಲೈಟ್ ಕ್ರೂಸರುಗಳ ಪಡೆ. ದೊಡ್ಡ ನೌಕೆಯಷ್ಟು ಭಾರವಿಲ್ಲದ, ವೇಗವಾಗಿ ಓಡುವ, ದೂರ ಹೋಗಿ ಕಾವಲು ಕಾದು ಬರಬಲ್ಲ ಮಧ್ಯಮ ಗಾತ್ರದ ಹಡಗುಗಳು.

ನದಿಗಳ ಹೆಸರಿಡುವುದು ಎಂದು ನಿರ್ಧಾರವಾಯಿತು. ಒಂದೇ ನಕ್ಷೆಯ ಮೇಲೆ ಕಟ್ಟುವ ಹಡಗುಗಳನ್ನು ಒಂದು ವರ್ಗ ಎನ್ನುತ್ತಾರೆ. ಮೊದಲ ಹಡಗಿನ ಹೆಸರೇ ವರ್ಗದ ಹೆಸರು. ನಮ್ಮ ಮೊದಲನೆಯದು ಮಂಜೀರಾ ವರ್ಗ, ಎರಡನೆಯದು ಭೀಮಾ ವರ್ಗ. ಒಂದು ಹಡಗಿಗೆ ಮೂಸಿ ಎಂದಿಡೋಣ, ಊರಿನ ನದಿಯಲ್ಲವೇ ಎಂದು ಅಣ್ಣ ಹೇಳಿದಾಗ ವೈನಿ, ಎಂದರೆ ಅಣ್ಣನ ಹೆಂಡತಿ, ಅಡಿಗೆಮನೆಯಿಂದಲೇ ಕೂಗಿದರು.

"ಮೂಸಿ ಅಂತ ಹೆಸರಿಟ್ರ ಶತ್ರು ಗುಂಡ ಹಾರ್ಸೂದೂ ಬ್ಯಾಡ್ರಿ. ವಾಸನಿಗೇ ಮೂಗ ಮುಚಗೊಂಡ ಓಡಿ ಹೋಗ್ತಾರ."

"ನೀ ರೊಟ್ಟಿ ಬಡಿ," ಎಂದ ಅಣ್ಣ.

"ಬಡೀತೀನಿ. ನಿಮ್ಮ ನೇವಿಯಾಗ ಹಸದ ಬಂದವರಿಗೆ ರೊಟ್ಟಿ ಯಾರ ಬಡೀತಾರ ಅದನ್ನ ಹೇಳ್ರಿ ಮೊದ್ಲ."

ಅಣ್ಣ ಆ ಮಾತನ್ನು ಹಾಸ್ಯವೆಂದು ಬಿಡಲಿಲ್ಲ. ಅಂದೇ ಹಡಗಿನಲ್ಲಿ ರೊಟ್ಟಿಯ ಹಂಚು ಎಲ್ಲಿರಬೇಕೆಂದು ಜಾಗ ಹುಡುಕಿದ. ಅವನ ಸ್ವಭಾವವೇ ಹಾಗೆ. ನನಗೆ ತೋಪು, ಕವಚ, ಬಾಯ್ಲರು ಕಂಡರೆ ಅವನಿಗೆ ಒಳಗಿನ ಜನ ಕಾಣುತ್ತಿದ್ದರು. ನಮ್ಮ ದೇಶದಲ್ಲಿ ಎಣ್ಣೆ ಇರಲಿಲ್ಲ, ಗೋದಾವರಿ ಕಡೆಯ ಕಲ್ಲಿದ್ದಲು ಇತ್ತು. ಹೀಗಾಗಿ ನಮ್ಮ ಹಡಗುಗಳು ಕಲ್ಲಿದ್ದಲಿನವು. ಕಲ್ಲಿದ್ದಲು ಎಂದ ಕೂಡಲೇ ಅಣ್ಣ, ಬೆಂಕಿಯ ಮುಂದೆ ನಿಂತು ಸಲಿಕೆ ಹಾಕುವವರು ಯಾವ ಊರಿನವರು ಎಂದು ಯೋಚಿಸುತ್ತಿದ್ದ. ಒಬ್ಬ ಹುಮನಾಬಾದಿನವನು, ಒಬ್ಬ ಆಳಂದದವನು. ಒಬ್ಬನಿಗೆ ಹೊಸದಾಗಿ ಮದುವೆಯಾಗಿತ್ತು.

ಕೆಲಸದ ರೀತಿಯನ್ನು ಮಾತ್ರ ನಾನು ಕಾರ್ಖಾನೆಯಿಂದ ತಂದಿದ್ದೆ. ನಮ್ಮ ಡ್ರಾಯಿಂಗ್ ಆಫೀಸಿನಲ್ಲಿ ನಕ್ಷೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ ಇರುತ್ತಿತ್ತು. ಬರೆದವರು ಯಾರು, ತಪಾಸಣೆ ಮಾಡಿದವರು ಯಾರು ಎಂದು. ಬರೆದವನೇ ತಪಾಸಣೆ ಮಾಡುವಂತಿಲ್ಲ. ಇನ್ನೊಬ್ಬನ ಸಹಿ ಬೀಳುವವರೆಗೆ ಎಷ್ಟೇ ಒಳ್ಳೆಯ ನಕ್ಷೆಯಾಗಲಿ ಬರಿ ಕಾಗದ. ಅದೇ ನಿಯಮ ನಮ್ಮ ನೌಕಾಪಡೆಗೂ. ಒಬ್ಬ ಬರೆಯುವುದು, ಇನ್ನೊಬ್ಬ ಲೆಕ್ಕ ತಾಳೆ ನೋಡಿ ಸಹಿ ಹಾಕುವುದು. ಸಹಿಯಾದ ಮೇಲೆ ಅಣ್ಣ ಆ ಹಡಗನ್ನು ನೀರಿಗಿಳಿಸುತ್ತಿದ್ದ. ಎಂದರೆ, ಮಂತ್ರಿ ಬಂದು ಭಾಷಣ ಮಾಡಿದ್ದನ್ನೆಲ್ಲ ನಮಗೆ ಬಾಯಲ್ಲೇ ಹೇಳುತ್ತಿದ್ದ. ವೈನಿ ಅಂದು ಸಜ್ಜಕದ ಹೋಳಿಗೆ ಮಾಡುತ್ತಿದ್ದರು.

ಲೆಕ್ಕದಲ್ಲಿ ಬಹಳ ಮುಖ್ಯವಾದದ್ದು ಒಂದೇ. ಹಡಗಿನ ಭಾರವೆಲ್ಲ ಒಂದು ಬಿಂದುವಿನಲ್ಲಿ ಕೂತಿದೆ ಎಂದು ಎಣಿಸಬೇಕು. ಆ ಬಿಂದು ಕೆಳಗಿದ್ದರೆ ಹಡಗು ಎಷ್ಟು ವಾಲಿದರೂ ಎದ್ದು ನಿಲ್ಲುತ್ತದೆ. ಹಡಗಿನ ಮೇಲಂಗಳದಂತಿರುವ ಡೆಕ್ಕಿನ ಮೇಲೆ ಒಂದೊಂದಾಗಿ ಸಾಮಾನು ಏರಿಸುತ್ತ ಹೋದಂತೆ ಆ ಬಿಂದುವೂ ಏರುತ್ತದೆ. ಮಿತಿ ಮೀರಿದ ಮೇಲೆ ಒಂದು ಸಲ ವಾಲಿದರೆ ಮುಗಿಯಿತು. ಮಚಲೀಪಟ್ಟಣದ ದಂಡೆಯಲ್ಲಿ ನೀರು ಆಳವಿಲ್ಲ. ಹಾಗಾಗಿ ನಮ್ಮ ಹಡಗು ನೀರಿನಲ್ಲಿ ಹೆಚ್ಚು ಇಳಿಯುವಂತಿರಲಿಲ್ಲ. ಕೆಳಗೆ ಆಳವಿಲ್ಲದ ಹಡಗಿನ ಮೇಲೆ ಹೆಚ್ಚು ಹೊರಿಸಲಾಗದು. ತಲೆಯ ಮೇಲೆ ಮೋಟರು ಕೂರಿಸಿದ ಎತ್ತರದ ಟ್ಯಾಂಕುಗಳನ್ನು ಲಾರಿಗೆ ಹೇರಿಸಿ ಕಳಿಸುತ್ತಿದ್ದ ನನಗೆ ಈ ಹೆದರಿಕೆ ಹೊಸದೇನಲ್ಲ.

ಮಂಜೀರಾ ವರ್ಗವನ್ನು ಬರೆದವನು ನಾನು. ತಪಾಸಣೆ ಅಣ್ಣನದು. ನಾನು ವರ್ಷಗಟ್ಟಲೆ ಕೂತು ಬರೆದ ಲೆಕ್ಕವನ್ನು ಮುಂದಿಟ್ಟಾಗ ಅವನು ಪುಟಗಳನ್ನು ತಿರುವಿ ಕೂಡ ಹಾಕಲಿಲ್ಲ.

"ಲೆಕ್ಕ ನೀ ಹಾಕೀದಿ ಅಂದ ಮ್ಯಾಲ ನಾ ಏನ್ ನೋಡ್ಲಿ? ಪೆನ್ನ ಕೊಡು."

ಸಹಿ ಹಾಕಿಬಿಟ್ಟ. ಹೋಳಿಗೆ ಆಯಿತು. ಮಂತ್ರಿಯ ಭಾಷಣವೂ ಆಯಿತು.

ಅವನಿಗೆ ವಯಸ್ಸು ಎಪ್ಪತ್ತು ದಾಟಿದ ಮೇಲೆ ಮರೆವು ಶುರುವಾಯಿತು. ಮೊದಮೊದಲು ಎಲ್ಲರಿಗೂ ಬರುವ ಮರೆವೆಂದುಕೊಂಡೆವು. ಆಮೇಲೆ ಒಂದು ದಿನ ಸ್ಟೇಷನ್ನಿಗೆ ಹೋಗಿ ತನ್ನ ಹಳೆಯ ಕೌಂಟರಿನ ಮುಂದೆ ನಿಂತು, ಒಳಗಿದ್ದ ಹುಡುಗಿಗೆ ಡ್ಯೂಟಿ ಬಿಟ್ಟು ಏಳಲು ಹೇಳಿದನಂತೆ. ಪೋಲೀಸಿನವರು ಒಳ್ಳೆಯವರು, ಆಟೋ ಹತ್ತಿಸಿ ಕಳಿಸಿದರು. ಡಾಕ್ಟರು ಇದು ವಾಸಿಯಾಗುವ ಕಾಯಿಲೆಯಲ್ಲ, ಆದರೆ ಅವರಿಗೆ ಇಷ್ಟವಾದ ಕೆಲಸದಲ್ಲಿ ಕೈಯಾಡುತ್ತಿದ್ದರೆ ಅದು ಬೆಳೆಯುವುದು ನಿಧಾನವಾದೀತು ಎಂದರು.

ಅವನಿಗೆ ಇಷ್ಟವಾದ ಕೆಲಸ ಯಾವುದೆಂದು ನಮಗೆ ಹೇಳಬೇಕಿರಲಿಲ್ಲ. ಭೀಮಾ ವರ್ಗವನ್ನು ಅವನೇ ಬರೆಯುವುದು, ತಪಾಸಣೆ ನನ್ನದು ಎಂದು ಮೊದಲೇ ಮಾತಾಗಿತ್ತು. ಅವನು ಹಿಡಿದು ಕೂತ. ವೈನಿ ಆಗ ನನ್ನ ಬಳಿ ಗುಟ್ಟಾಗಿ ಹೇಳಿದ ಮಾತು ನೆನಪಿದೆ.

"ಬೆಳಿಗ್ಗೆ ನನ್ನ ನೋಡಿ, ಯಾರ ನೀವು ಅಂತಾರ್ರಿ. ಪೆನ್ಸಿಲ್ ಕೈಯಾಗ ಹಿಡದ ಸ್ವಲ್ಪ ಹೊತ್ತಾದ ಮ್ಯಾಲ, ಚಾ ಆತೇನ ಅಂತ ನನ್ನ ಹೆಸರ ಹಿಡದ ಕರೀತಾರ. ನಿಮ್ಮ ಹಡಗಕ್ಕ ನಾ ಇಷ್ಟ ದಿವ್ಸ ಬೈದದ್ದ ತಪ್ಪಾತು. ಬರೀಲಿ. ಎಷ್ಟ ಬೇಕಾದ್ರ ಬರೀಲಿ."

ಅದು ನನಗೆ ಅರ್ಥವಾಗಿತ್ತು. ಆ ಕಾಗದ ಅವನನ್ನು ಹಿಡಿದಿಟ್ಟಿತ್ತು. ಅರ್ಥವಾಗಿದ್ದೂ ಮುಂದಿನದನ್ನು ಮಾಡಿದೆ.

ಅಣ್ಣನ ಮಗಳು ಕೊಂಡಾಪುರದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಇಂಟರ್‌ನೆಟ್ಟಿನಲ್ಲಿ ಇಲ್ಲದ ದೇಶಗಳಿಗೆ ಹಡಗು ಬರೆಯುವವರ ಒಂದು ಕೂಟವೇ ಇದೆಯೆಂದು ಅವಳು ಕಂಡುಹಿಡಿದಳು. ನಾವಿಬ್ಬರೇ ಹುಚ್ಚರಲ್ಲ ಎಂದು ತಿಳಿದು ನಮಗೆ ಧೈರ್ಯ ಬಂತು. ಅವಳು ಮಂಜೀರಾ ನಕ್ಷೆಯ ಫೋಟೋ ತೆಗೆದು, ಲೆಕ್ಕವನ್ನು ಟೈಪು ಮಾಡಿ ಅಲ್ಲಿ ಹಾಕಿದಳು. ಯಾವುದೋ ದೇಶದ ಒಬ್ಬನು, ಇಲ್ಲಿ ಬರುವ ನಕ್ಷೆಗಳಲ್ಲಿ ಹೆಚ್ಚಿನವು ಚಿತ್ರಗಳು, ಇದೊಂದು ನಿಜವಾಗಿ ತೇಲುವ ಹಡಗು, ಲೆಕ್ಕ ಮಾಡಿದವರಿಗೆ ನಮಸ್ಕಾರ ಎಂದು ಬರೆದ. ಮಗಳು ಅದನ್ನು ಕನ್ನಡ ಮಾಡಿ ಓದಿದಳು. ಇನ್ನೊಮ್ಮೆ ಓದು ಎಂದೆ. ಫೋನು ಮಾಡಿದಾಗಲೂ ಬೇರೆ ಯಾರಾದರೂ ಏನಾದರೂ ಬರೆದರೇ ಎಂದು ಕೇಳುತ್ತಿದ್ದೆ. ನನ್ನ ಕೆಲಸವನ್ನು ಅಷ್ಟು ದೂರದವರು ಹೊಗಳಿದ್ದು ಜೀವನದಲ್ಲಿ ಅದೇ ಮೊದಲು. ಮುಂದೆ ಭೀಮಾ ಬರುತ್ತದೆ ಎಂದು ನಾನೇ ಅವಳ ಕೈಯಿಂದ ಬರೆಸಿದೆ.

ಇತ್ತ ಅಣ್ಣನ ಭೀಮಾ ದಿನದಿನಕ್ಕೆ ಬೆಳೆಯುತ್ತಿತ್ತು. ಅವನ ಕೈ ಇನ್ನೂ ಚೆನ್ನಾಗಿತ್ತು, ಗೆರೆ ನಡುಗುತ್ತಿರಲಿಲ್ಲ. ಆದರೆ ಪ್ರತಿವಾರ ಹೋದಾಗ ಡೆಕ್ಕಿನ ಮೇಲೆ ಏನಾದರೊಂದು ಹೊಸದಾಗಿ ಎದ್ದಿರುತ್ತಿತ್ತು. ಕಲ್ಲಿದ್ದಲು ಹಾಕುವವರು ಕೆಳಗೆ ಸೆಕೆಯಲ್ಲಿ ಮಲಗುವುದು ಬೇಡವೆಂದು ಮೇಲೆ ಅವರಿಗೊಂದು ಸಾಲು ಕೋಣೆ. ನಡುವೆ ರೊಟ್ಟಿಯ ಒಲೆ. ಚಿಮಣಿಯ ಪಕ್ಕ ದವಾಖಾನೆ. ಒಂದು ವಾಚನಾಲಯ. ನಾನು ಮೊದಮೊದಲು ನಕ್ಕು, ಇದನ್ನು ಕೆಳಗಿಳಿಸೋಣ, ಅದನ್ನು ತೆಗೆಯೋಣ ಎನ್ನುತ್ತಿದ್ದೆ. ಅವನು ಹೂಂ ಎನ್ನುತ್ತಿದ್ದ. ಮುಂದಿನ ವಾರ ಅದು ಅಲ್ಲೇ ಇರುತ್ತಿತ್ತು, ಜೊತೆಗೆ ಇನ್ನೊಂದು.

ಒಂದು ಭಾನುವಾರ ಹಿಂದಿನ ತೋಪಿನ ಗೋಪುರದ ಮೇಲ್ಗಡೆ, ಎಲ್ಲಕ್ಕಿಂತ ಎತ್ತರದಲ್ಲಿ, ಕಿಟಕಿಗಳಿದ್ದ ಒಂದು ಕೋಣೆ ಬಂದಿತ್ತು.

"ಇದೇನಣ್ಣಾ? ಗುರಿ ಎಷ್ಟ ದೂರ ಐತಿ ಅಂತ ನೋಡೂ ಜಾಗ ಏನು?"

"ಅಲ್ಲೋ. ಅವ್ವನ ಕೋಣಿ."

"ಅವ್ವಂದಾ?"

"ಅಕೀಗೆ ಕೆಳಗ ಉಸರ ಕಟ್ಟತೈತಿ. ಮ್ಯಾಲಿದ್ರ ಸಮುದ್ರ ಕಾಣ್ತೈತಿ. ಅಕಿ ಎಂದೂ ನೋಡಿಲ್ಲಲ್ಲ ಪಾಪ."

ಅವ್ವ ತೀರಿಕೊಂಡು ನನ್ನ ತಲೆ ನರೆಯುವಷ್ಟು ಕಾಲವಾಗಿತ್ತು. ಉಬ್ಬಸದಿಂದ ಹೋದವಳು. ಕೊನೆಗಾಲದಲ್ಲಿ ಕಿಟಕಿ ತೆಗೆಯಿರಿ ಎನ್ನುತ್ತಿದ್ದಳು, ತೆಗೆದೇ ಇರುತ್ತಿತ್ತು.

ಆಗ ನಾನು ಏನು ಹೇಳಬೇಕಿತ್ತೆಂದು ಈಗ ಬಲ್ಲೆ. ಅಂದು ಹೇಳಿದ್ದು, "ಗೋಪುರದ ಮ್ಯಾಲ ಕೋಣಿ ಕಟ್ಟಾಕ ಬರಂಗಿಲ್ಲಣ್ಣಾ. ಭಾರ ಭಾಳ ಆಗತೈತಿ."

"ಅವ್ವ ಎಷ್ಟ ಭಾರ ಇದ್ಲೋ? ಕಡೀಕ ಎತ್ತಿ ಮಲಗಸ್ತಿದ್ದವ ನೀನ ಅಲ್ಲೇನ? ಹೂವಿನಂಗ ಇದ್ಲು."

ವೈನಿ ಬಾಗಿಲಲ್ಲಿ ನಿಂತಿದ್ದರು. ಸುಮ್ಮನಿರಿ ಎಂದು ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ನಾನು ಅಂದು ಸುಮ್ಮನಿದ್ದೆ. ಆದರೆ ಮನೆಗೆ ಬಂದು ಲೆಕ್ಕ ಹಾಕಿದೆ. ಭೀಮಾ ನಿಲ್ಲುವುದಿಲ್ಲ ಎಂದು ಬಂತು. ಅಣ್ಣ ನಕ್ಷೆಯ ಮೂಲೆಯಲ್ಲಿ ತನ್ನ ಸಹಿ ಹಾಕಿ ನನ್ನದಕ್ಕೆ ಕಾಯುತ್ತಿದ್ದ. ಹೋದಾಗಲೆಲ್ಲ, "ಪಾಸ್ ಮಾಡಿದೇನ?" ಎಂದು ಕೇಳುತ್ತಿದ್ದ. ಬೇರೆ ಎಲ್ಲವನ್ನೂ ಮರೆಯುವವನು ಅದೊಂದನ್ನು ಮರೆಯುತ್ತಿರಲಿಲ್ಲ.

ಸಹಿ ಹಾಕಿಬಿಟ್ಟಿದ್ದರೆ ಏನಾಗುತ್ತಿತ್ತು? ಹೋಳಿಗೆಯಾಗುತ್ತಿತ್ತು. ಆದರೆ ಆ ನಕ್ಷೆಯನ್ನು ಕೂಟದವರು ನೋಡುತ್ತಾರೆ, ಗೋಪುರದ ಮೇಲಿನ ಕೋಣೆಯನ್ನು ಕಂಡು ನಗುತ್ತಾರೆ, ಇವನೇ ಏನು ಆ ಲೆಕ್ಕದವನು ಎನ್ನುತ್ತಾರೆ ಎಂಬುದೇ ನನ್ನ ತಲೆಯಲ್ಲಿ. ಅವರಿಗೆ ತೋರಿಸದೆ ಇರಬಹುದಿತ್ತು. ಎರಡು ನಕ್ಷೆ ಮಾಡಬಹುದಿತ್ತು, ಒಂದು ಅಣ್ಣನಿಗೆ, ಒಂದು ಲೋಕಕ್ಕೆ. ಅದೇನೂ ಹೊಳೆಯದಷ್ಟು ದಡ್ಡನಲ್ಲ ನಾನು. ಹೊಳೆದಿತ್ತು. ತಪ್ಪು ನಕ್ಷೆಗೆ ನಾನು ಸಹಿ ಹಾಕುವವನಲ್ಲ ಎಂಬ ಜಂಬ ಅಡ್ಡ ಬಂತು.

ಆ ಜಂಬವೂ ಸುಳ್ಳಿನದು. ಇದನ್ನು ಆಗ ಯಾರಿಗೂ ಹೇಳಿರಲಿಲ್ಲ. ಮಂಜೀರಾ ಕೂಡ ನಿಲ್ಲುತ್ತಿರಲಿಲ್ಲ. ಕೊನೆಯಲ್ಲಿ ಲೆಕ್ಕ ಕೂಡಿಸಿದಾಗ ಭಾರ ಮೇಲಾಗಿತ್ತು. ಎಲ್ಲವನ್ನೂ ಮತ್ತೆ ಬರೆಯಲು ಬೇಜಾರಾಗಿ ನಾನು ತೋಪಿನ ಗೋಪುರಗಳ ತೂಕವನ್ನು ಕೈಗೆ ಬಂದಷ್ಟು ಕಡಿಮೆ ಮಾಡಿ ಬರೆದಿದ್ದೆ. ಅಣ್ಣ ನೋಡದೆ ಸಹಿ ಹಾಕಿದ. ಆ ದೂರದೇಶದವನು ನಮಸ್ಕಾರ ಮಾಡಿದ್ದು ಆ ಸುಳ್ಳಿಗೆ.

ಇಷ್ಟಾದರೂ ಭೀಮಾ ವಿಷಯದಲ್ಲಿ ನಾನು ನ್ಯಾಯಾಧೀಶನಾದೆ. ಬಾಯಲ್ಲಿ ಹೇಳಿದರೆ ಅವನು ಕೇಳುವುದಿಲ್ಲ, ಕಣ್ಣಿಗೇ ತೋರಿಸಬೇಕು ಎಂದುಕೊಂಡು ಹಗುರ ಮರದಲ್ಲಿ ಭೀಮಾ ಹಡಗಿನ ಮಾದರಿಯನ್ನು ಕೆತ್ತಿದೆ. ಎಲ್ಲ ಕೋಣೆಗಳನ್ನೂ ಮಾಡಿದೆ, ಅವ್ವನದನ್ನೂ. ಎಲ್ಲಿ ಎಷ್ಟು ಭಾರವೋ ಅದಕ್ಕೆ ತಕ್ಕ ಸೀಸದ ಚೂರುಗಳನ್ನು ಕೂರಿಸಿದೆ. ಬೂದು ಬಣ್ಣ ಹಚ್ಚಿದೆ. ಅಷ್ಟು ಚೊಕ್ಕವಾದ ಕೈಕೆಲಸವನ್ನು ನಾನು ಹಿಂದೆಂದೂ ಮಾಡಿರಲಿಲ್ಲ.

ಪೇಪರಿನಲ್ಲಿ ಸುತ್ತಿಕೊಂಡು ಹೋದೆ. ಬಿಚ್ಚಿದಾಗ ಅಣ್ಣ ಅದನ್ನು ತನಗೆ ತಂದ ಉಡುಗೊರೆ ಎಂದುಕೊಂಡ. ಈ ಸಾಧ್ಯತೆ ನನಗೆ ದಾರಿಯಲ್ಲಿ ಹೊಳೆದೇ ಇರಲಿಲ್ಲ.

"ಏ, ಬಾ ಇಲ್ಲಿ, ನೋಡ ಬಾ!" ಎಂದು ವೈನಿಯನ್ನು ಕೂಗಿದ. "ಭೀಮಾ ಬಂತು ನೋಡು! ತಮ್ಮ ಕಟ್ಕೊಂಡ ಬಂದಾನ. ಇದು ರೊಟ್ಟಿ ಒಲಿ. ಇದು ಹುಮನಾಬಾದದವನ ಕೋಣಿ. ಇಲ್ಲಿ, ಇಲ್ಲಿ ನೋಡು, ಅವ್ವನ ಖಿಡಕಿ ಸುದ್ದಾ ಇಟ್ಟಾನ!"

"ಇಷ್ಟ ಛಂದ ಮಾಡಾಕ ಬರತೈತಿ ನಿಮಗ. ಮನ್ಯಾಗ ಕುಂದ್ರೂ ಮಣಿ ಮುರದ ಬಿದ್ದ ಎಷ್ಟ ದಿವ್ಸ ಆತು, ಅದಕ್ಕೊಂದ ಮೊಳಿ ಹೊಡೀಲಿಲ್ಲ," ಎಂದರು ವೈನಿ ನನಗೆ. ನಗುತ್ತಿದ್ದರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಮಾದರಿಯನ್ನು ಕಪಾಟಿನ ಮೇಲಿಟ್ಟು ಉಂಡು ಎದ್ದು ಬರಬಹುದಿತ್ತು. ನಾನು, "ನೀರಿಗೆ ಬಿಡೋಣ ನಡಿ ಅಣ್ಣಾ," ಎಂದೆ.

ಹಿಂದಿನ ಬಚ್ಚಲಲ್ಲಿ ವೈನಿ ಬಟ್ಟೆ ನೆನೆಹಾಕುವ ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿದೆವು. ಅಣ್ಣ ಎರಡು ಕೈಯಲ್ಲೂ ಹಿಡಿದು ಮೆಲ್ಲಗೆ ಇಳಿಸಿ ಬಿಟ್ಟ. ಒಂದು ಕ್ಷಣ ನಿಂತಿತು. ನಾನು ಒಂದು ಬೆರಳಿನಿಂದ ಅದರ ಪಕ್ಕೆಯನ್ನು ತುಸು ಒತ್ತಿದೆ. ಭೀಮಾ ಮಗ್ಗುಲಾಯಿತು, ಹಾಗೆಯೇ ಬೋರಲಾಯಿತು. ಬಣ್ಣ ಹಚ್ಚದ ತಳ ಮೇಲೆ ಕಂಡಿತು.

ಅಣ್ಣ ನೀರಿಗೆ ಕೈ ಹಾಕಿ ನೆಟ್ಟಗೆ ಮಾಡಿದ. ಬಿಟ್ಟ ಕೂಡಲೆ ಮತ್ತೆ ಹೊರಳಿತು. ಮತ್ತೆ ಎತ್ತಿ ನಿಲ್ಲಿಸಿದ. ಅವನ ಅಂಗಿಯ ತೋಳು ಮೊಣಕೈವರೆಗೂ ತೊಯ್ದಿತ್ತು.

"ನೋಡ್ದೇನಣ್ಣಾ. ಅದಕ್ಕ ನಾ ಸಹಿ ಹಾಕಿಲ್ಲ. ಅವ್ವನ ಕೋಣಿ ತಗದ್ರ, ಆ ಸಾಲ ಕೋಣಿ ಕೆಳಗ ಇಳಿಸಿದ್ರ ನಿಲ್ಲತೈತಿ."

ಅವನು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಟಬ್ಬಿನ ಅಂಚು ಹಿಡಿದು ಕೇಳಿದ, "ಒಳಗ ಎಷ್ಟ ಮಂದಿ ಇದ್ರು?"

ನಾನು ಅವನ ತೊಯ್ದ ತೋಳನ್ನು ಮೇಲಕ್ಕೆ ಮಡಚಲು ಹೋದೆ.

"ಅವ್ವನೂ ಇದ್ಲೇನು?"

ವೈನಿ ಬಂದು ಅವನ ಕೈ ಒರೆಸಿ ಒಳಗೆ ಕರೆದುಕೊಂಡು ಹೋದರು. ಒಣ ಅಂಗಿ ತೊಡಿಸಿ ಮಲಗಿಸಿದರು. ನಾನು ಬಚ್ಚಲಲ್ಲೇ ನಿಂತಿದ್ದೆ. ಅವರು ಹಿಂತಿರುಗಿ ಬಂದು ಮಾದರಿಯನ್ನು ನೀರಿನಿಂದ ತೆಗೆದು ಗೋಡೆಗೆ ಒರಗಿಸಿದರು. ದನಿ ಎತ್ತಲಿಲ್ಲ.

"ಇಲ್ಲದ ಸಮುದ್ರ, ಇಲ್ಲದ ಹಡಗ. ಅದೊಂದ ತೇಲಿದ್ರ ನಿಮ್ಮ ಗಂಟೇನ ಹೋಗ್ತಿತ್ತರಿ?"

"ತಪ್ಪ ಇತ್ತಲ್ಲ ವೈನಿ..."

"ತಪ್ಪ ಇತ್ತರಿ. ದಿನಾ ನನ್ನ ಯಾರೋ ಅಂತಾರ, ಅದೂ ತಪ್ಪ. ನಾ ಅದನ್ನ ತಿದ್ದಾಕತ್ತೇನಿ ಏನು? ಯಾರೋ ಒಬ್ಬಾಕಿ ಅಂತ ತಿಳಕೋಳ್ರಿ, ಚಾ ಕುಡೀರಿ ಅಂತೀನಿ."

ಅಂದಿನಿಂದ ಅಣ್ಣ ಪೆನ್ಸಿಲು ಮುಟ್ಟಲಿಲ್ಲ. ಹೊಸ ಹಾಳೆ ಹರಡಿ ಮುಂದೆ ಇಟ್ಟರೆ ಅದನ್ನು ಮಡಚಿ ಪಕ್ಕಕ್ಕಿಡುತ್ತಿದ್ದ. ಮಗಳು ಬಂದು ಮುದ್ದು ಮಾಡಿ ಕೇಳಿದರೆ, "ಭೀಮಾ ಮುಳಗಿತವ್ವಾ. ಭಾಳ ಮಂದಿ ಹೋದ್ರು," ಎನ್ನುತ್ತಿದ್ದ. ಅವನ ಮಟ್ಟಿಗೆ ಅದು ನಿಜವಾಗಿ ನಡೆದ ಸಾವು. ಆಳಂದದವನ ಮನೆಗೆ ಯಾರು ಸುದ್ದಿ ಮುಟ್ಟಿಸಿದರು ಎಂದು ವೈನಿಯನ್ನು ಕೇಳಿದನಂತೆ. ಮಾತು ಕಡಿಮೆಯಾಯಿತು. ಊಟ ಕಡಿಮೆಯಾಯಿತು. ಕಾಯಿಲೆ ಹೇಗೂ ಬೆಳೆಯುತ್ತಿತ್ತು, ಇದರಿಂದಲೇ ಎಂದು ಹೇಳಲಾಗದು ಎಂದು ಡಾಕ್ಟರು ನನಗೆ ಸಮಾಧಾನ ಹೇಳಿದರು. ಅವರು ಹೇಳಿದ್ದು ಸರಿಯೇ ಇರಬಹುದು. ಆದರೆ ಕೊನೆಯ ಸಲ ಚಾ ಆಯಿತೇ ಎಂದು ಅವನು ಹೆಸರು ಹಿಡಿದು ವೈನಿಯನ್ನು ಕರೆದದ್ದು ಆ ಟಬ್ಬಿನ ದಿನದ ಬೆಳಿಗ್ಗೆ.

ಮುಂದೆ ನನ್ನ ಗುರುತೂ ಅಳಿಸಿತು. ನಾನು ಹೋದರೆ, "ಬರ್ರಿ ಸಾಹೇಬ್ರ, ಕುಂದರ್ರಿ," ಎಂದು ಎದ್ದು ನಿಲ್ಲುತ್ತಿದ್ದ. ಯಾವುದೋ ದೊಡ್ಡ ಆಫೀಸಿನವನು ಎಂದು ತಿಳಿದಿದ್ದ. ಇದೇ ಒಳ್ಳೆಯದಾಯಿತು ಎಂದು ನನಗೆ ಒಂದು ಆಸೆ ಹುಟ್ಟಿತು. ತಮ್ಮನಾಗಿ ಕೆಡಿಸಿದ್ದನ್ನು ಸಾಹೇಬನಾಗಿ ಸರಿಪಡಿಸಬಹುದಲ್ಲವೇ?

ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಅವನೆದುರು ಕೂತೆ.

"ಬಂದರಿನ ಆಫೀಸಿಂದ ಬಂದೀನ್ರಿ," ಎಂದೆ. "ಭೀಮಾ ವರ್ಗ ಪಾಸಾಗೈತಿ. ಮತ್ತೊಮ್ಮೆ ತಪಾಸಣೆ ಮಾಡಿದ್ವಿ. ಹಡಗ ಗಟ್ಟಿ ಐತಿ. ಅವ್ವನ ಕೋಣಿಗೂ ಒಪ್ಪಿಗಿ ಸಿಕ್ಕೈತಿ."

ಅವನು ಮುಂದಕ್ಕೆ ಬಾಗಿ ನನ್ನನ್ನು ನೋಡಿದ. ಮುಖದಲ್ಲಿ ಏನೋ ಆಡಿತು. ನಂಬಿದ, ಬದುಕಿಕೊಂಡ ಎಂದುಕೊಂಡೆ.

"ಇಲ್ರಿ ಸಾಹೇಬ್ರ," ಎಂದ ಮೆತ್ತಗೆ. "ನೀವ ನನ್ನ ಸಮಾಧಾನಕ್ಕ ಹೇಳಾಕತ್ತೀರಿ. ಅದು ಮುಳಗತೈತಿ. ನನ್ನ ತಮ್ಮ ಲೆಕ್ಕ ಹಾಕ್ಯಾನ."

"ನಿಮ್ಮ ತಮ್ಮನ ಲೆಕ್ಕ ತಪ್ಪಿತ್ರಿ."

"ಅಂವ ತಪ್ಪಂಗಿಲ್ಲ."

"ತಪ್ಯಾನ್ರಿ. ಮಂಜೀರಾ ಲೆಕ್ಕದಾಗ ಸುಳ್ಳ ಬರದಾನ. ಗೋಪುರದ ತೂಕ ಬೇಕಂತಲೇ ಕಮ್ಮಿ ಮಾಡಿದ. ನಿಮ್ಮ ಕಡಿಂದ ಮೋಸ ಮಾಡಿ ಸಹಿ ತಗೊಂಡ. ನನಗ ಗೊತ್ತೈತ್ರಿ."

ಇಷ್ಟು ವರ್ಷ ಹೇಳಲಾಗದ್ದನ್ನು ಹೇಳಿದ್ದೆ. ಯಾರ ಮುಂದೆ ಹೇಳಬೇಕಿತ್ತೋ ಅವರ ಮುಂದೆಯೇ ಹೇಳಿದ್ದೆ.

ಅಣ್ಣ ಕುರ್ಚಿಯ ತೋಳು ಹಿಡಿದು ಎದ್ದ. ಅಷ್ಟು ಸಿಟ್ಟಿನಲ್ಲಿ ಅವನನ್ನು ನಾನು ಚಿಕ್ಕಂದಿನಲ್ಲಿ ಒಮ್ಮೆ ನೋಡಿದ್ದೆ, ಶಾಲೆಯಲ್ಲಿ ಯಾರೋ ನನಗೆ ಹೊಡೆದಾಗ.

"ನನ್ನ ಮನ್ಯಾಗ ಕುಂತ ನನ್ನ ತಮ್ಮಗ ಸುಳ್ಳ ಅಂತೀರೇನು? ಯಾವ ಆಫೀಸ್ರಿ ನಿಮ್ದು? ಏಳ್ರಿ. ಏಳ್ರಿ ಮೊದ್ಲ. ಅಂವ ಬಂದ್ರ ಬ್ಯಾಸರ ಮಾಡ್ಕೋತಾನ."

ವೈನಿ ಓಡಿ ಬಂದರು. "ರೀ, ಅವರಽ ರೀ, ನಿಮ್ಮ ತಮ್ಮನಽ," ಎಂದರು. ಅವನು ನನ್ನ ಮುಖ ನೋಡಿ ತಲೆಯಾಡಿಸಿದ. "ಇವರಲ್ಲ. ಇವರ ಭಾಳ ಮುದುಕರು." ಬಾಗಿಲತ್ತ ಕೈ ತೋರಿಸಿಕೊಂಡೇ ನಿಂತ. ನಾನು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ.

ಈಗ ಅವನು ಹಾಸಿಗೆ ಬಿಟ್ಟು ಏಳುವುದಿಲ್ಲ. ಬಹಳವನ್ನು ಮರೆತಿದ್ದಾನೆ, ಆ ಸಾಹೇಬನ ಮೇಲಿನ ಸಿಟ್ಟನ್ನು ಮಾತ್ರ ಬಿಟ್ಟಿಲ್ಲ. ನಾನು ಕಣ್ಣಿಗೆ ಬಿದ್ದರೆ ಗೋಡೆಗೆ ಮುಖ ಮಾಡುತ್ತಾನೆ. ಅದಕ್ಕಾಗಿ ನಾನು ಒಳಗೆ ಹೋಗುವುದಿಲ್ಲ, ಅವನಿಗೆ ಕಾಣದಂತೆ ಹೊರಕೋಣೆಯಲ್ಲಿ ಕೂರುತ್ತೇನೆ. ವೈನಿ ನನಗೆ ಚಾ ಕೊಟ್ಟು ಅವನಿಗೆ ಗಂಜಿ ಕುಡಿಸಲು ಹೋಗುತ್ತಾರೆ.

ಕಳೆದ ಭಾನುವಾರವೂ ಹಾಗೆಯೇ ಕೂತಿದ್ದೆ. ಒಳಗಿನಿಂದ ಅವನ ಸಣ್ಣ ದನಿ ಕೇಳಿಸಿತು.

"ತಮ್ಮ ಬಂದನೇನು?"

"ಬರ್ತಾರ್ರಿ. ನೀವು ಬಾಯಿ ತಗೀರಿ."

"ಅವಗೂ ಸ್ವಲ್ಪ ಇಡು."

"ಇಟ್ಟೀನ್ರಿ," ಎಂದರು ವೈನಿ.

ಚಮಚ ಬಟ್ಟಲಿಗೆ ತಾಗುವ ಸದ್ದು ಕೇಳಿಸುತ್ತಿತ್ತು. ಅದು ನಿಲ್ಲುವವರೆಗೆ ನಾನು ಕದಲದೆ ಕೂತಿದ್ದೆ.